ಕೆಡವುವ ಮುನ್ನ ಅಳೆದು ನೋಡಿ

ಭದ್ರಾವತಿಯ ಹಳೆಯ ಕ್ವಾರ್ಟರ್ಸ್‌ ಕಂಡವರೆಲ್ಲ ಹೇಳುವುದು ಒಂದೇ, ‘ಇವನ್ನೆಲ್ಲ ಒಡೆದು ಹೊಸದು ಕಟ್ಟಬೇಕು’. ಸಿವಿಲ್ ಎಂಜಿನಿಯರಿಂಗ್ ಓದಿದ ನಾನೂ ಹಾಗೇ ಅಂದುಕೊಂಡಿದ್ದೆ.

ಇಲ್ಲಿ ಕಬ್ಬಿಣದ ಉತ್ಪಾದನೆ ಶುರುವಾದದ್ದು 1923ರಲ್ಲಿ. ಕಾಗದ ಕಾರ್ಖಾನೆ ಬಂದದ್ದು ಆಮೇಲೆ, 1930ರ ದಶಕದಲ್ಲಿ. ಈಗ ಕಾಗದ ಕಾರ್ಖಾನೆ ನಿಂತಿದೆ. ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಆದರೆ ಕಟ್ಟಡಗಳು ಇವೆ. ಅವುಗಳ ಇಟ್ಟಿಗೆ, ಸಿಮೆಂಟು, ಉಕ್ಕಿಗೆ ಬೇಕಾದ ಇಂಧನ ಎಂದೋ ಖರ್ಚಾಗಿಹೋಗಿದೆ. ಕೆಡವಿ ಕಟ್ಟಿದರೆ ಅದನ್ನೇ ಮತ್ತೊಮ್ಮೆ ಸುಡಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ.

ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಅಂದರೆ ‘ಬಿಮ್’, ನಮ್ಮಲ್ಲಿ ಹೊಸ ಕಟ್ಟಡಗಳಿಗಷ್ಟೇ ಎಂಬ ಭಾವನೆಯಿದೆ. ಕಂಪ್ಯೂಟರಿನೊಳಗಿನ ಈ ಕಟ್ಟಡದಲ್ಲಿ ಗೋಡೆ ಬರೀ ಗೆರೆಯಲ್ಲ. ಅದರ ದಪ್ಪ, ಸಾಮಗ್ರಿ, ದಿಕ್ಕು ಎಲ್ಲವೂ ದಾಖಲಾಗಿರುತ್ತವೆ. ಅದಕ್ಕೆ ಹವಾಮಾನದ ಮಾಹಿತಿ ಸೇರಿಸಿದರೆ ಯಾವ ಹೊತ್ತಿನಲ್ಲಿ, ಎಲ್ಲಿಂದ, ಎಷ್ಟು ಬಿಸಿ ಒಳಬರುತ್ತದೆ ಎಂದು ಲೆಕ್ಕ ಸಿಗುತ್ತದೆ. ಅಮೆರಿಕದ ಇಂಧನ ಇಲಾಖೆಯ ‘ಎನರ್ಜಿಪ್ಲಸ್’ ತಂತ್ರಾಂಶ ಇದಕ್ಕೆ ಉಚಿತವಾಗಿ ಸಿಗುತ್ತದೆ.

ಶಿವಮೊಗ್ಗದಲ್ಲಿರುವ ಚಿಕ್ಕಮ್ಮನ ಆರ್‌ಸಿಸಿ ಮನೆಯ ಮೇಲೆ ಪ್ರಯೋಗಿಸಿದೆ. ಅವರು ಎ.ಸಿ. ಕೊಳ್ಳುವ ಯೋಚನೆಯಲ್ಲಿದ್ದರು, ಜೊತೆಗೆ ಎಲೆ ಗುಡಿಸಿ ಸಾಕಾಗಿ ಪಶ್ಚಿಮದ ಹಲಸಿನ ಮರ ಕಡಿಸಬೇಕೆಂದಿದ್ದರು. ಎರಡು ದಿನ ಟೇಪು ಹಿಡಿದು ಅಳೆದೆ. ಮೊದಲ ಲೆಕ್ಕದಲ್ಲಿ ಮಲಗುವ ಕೋಣೆ ಕುಲುಮೆಯಂತೆ ಕಾಣಿಸಿತು. ಆಮೇಲೆ ಹೊಳೆಯಿತು, ನಾನು ಮರವನ್ನೇ ಬಿಟ್ಟಿದ್ದೆ! ಮರ ಸೇರಿಸಿದ ಮೇಲೆ ಆ ಗೋಡೆ ತಣ್ಣಗಾಯಿತು. ಉಳಿದ ಬಿಸಿಯಲ್ಲಿ ಹೆಚ್ಚಿನದು ತಾರಸಿಯಿಂದ. ತಾರಸಿಗೆ ಬಿಳಿ ಬಣ್ಣ ಬಳಿದೆವು. ಎ.ಸಿ. ಖರೀದಿ ಸದ್ಯಕ್ಕೆ ಮುಂದೆ ಹೋಗಿದೆ. ಹಲಸು ಉಳಿದಿದೆ.

ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಸ್ಮಾರ್ಟ್ ಆಗಬೇಕಾದದ್ದು ರಸ್ತೆಯಷ್ಟೇ ಅಲ್ಲ, ಹಳೆಯ ಶಾಲೆ, ಹಾಸ್ಟೆಲ್, ಕಚೇರಿಗಳೂ ಎಂದು ನನಗನ್ನಿಸುತ್ತದೆ. ಬಿಮ್ ಕಲಿತ ಗೆಳೆಯರು ಬೆಂಗಳೂರಿನಲ್ಲಿ ಕುಳಿತು ಎಂದೂ ಕಾಣದ ವಿದೇಶಿ ಕಟ್ಟಡಗಳ ಮಾದರಿ ಮಾಡುತ್ತಾರೆ. ಅದೇ ಕೆಲಸ ಊರಿನ ಕಟ್ಟಡಗಳಿಗೂ ಬೇಕಲ್ಲವೇ? ಎಂಜಿನಿಯರಿಂಗ್, ಪಾಲಿಟೆಕ್ನಿಕ್‌ನ ಅಂತಿಮ ವರ್ಷದವರಿಗೆ ಪಾಲಿಕೆ ಮತ್ತು ಲೋಕೋಪಯೋಗಿ ಇಲಾಖೆ ತಂಡಕ್ಕೊಂದು ಕಟ್ಟಡವನ್ನು ಪ್ರಾಜೆಕ್ಟ್ ಆಗಿ ಕೊಡಲಿ. ಅಲ್ಪ ಸ್ಟೈಪೆಂಡನ್ನೂ ಕೊಡಲಿ, ಪುಕ್ಕಟೆ ದುಡಿಮೆ ಬೇಡ. ಒಳಗೆ ಹೋಗಿ ಅಳೆಯಲು ಅನುಮತಿ, ಹನ್ನೆರಡು ತಿಂಗಳ ಮೆಸ್ಕಾಂ ಬಿಲ್ಲು ಸಿಕ್ಕರೆ ನಾಳೆಯೇ ಶುರು ಮಾಡಬಹುದು.