ಟಿವಿ ಪೊಲೀಸರನ್ನು ನಂಬಬಹುದೆ?

2024ರ ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಬಿತ್ತು. 17 ಕಿಲೋಗೂ ಹೆಚ್ಚು ಚಿನ್ನ ಕಳುವಾಯಿತು. ಐದು ತಿಂಗಳ ನಂತರ ಪೊಲೀಸರು ಆರು ಮಂದಿಯನ್ನು ಬಂಧಿಸಿ, ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಚಿನ್ನವನ್ನು ಮೇಲೆತ್ತಿಸಿದರು. ಆರೋಪಿಗಳು ‘ಮನಿ ಹೈಸ್ಟ್’ ಸರಣಿಯನ್ನೂ ಯೂಟ್ಯೂಬ್ ವಿಡಿಯೊಗಳನ್ನೂ ನೋಡಿ ಸಂಚು ಹೂಡಿದ್ದರು ಎಂಬ ಮಾತೇ ತಲೆಬರಹವಾಯಿತು. ಈ ನಡುವೆ, 2018ರಲ್ಲಿ ನಿಂತಿದ್ದ ಹಿಂದಿಯ ಪೊಲೀಸ್ ಧಾರಾವಾಹಿ ‘ಸಿಐಡಿ’ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿತ್ತು. ಕಳ್ಳತನ, ಕೊಲೆ, ತನಿಖೆಗಳ ಈ ಕಥೆಗಳಿಂದ ನೋಡುಗರಿಗೆ ಒಳಿತಾಗುತ್ತದೆಯೇ, ಕೆಡುಕಾಗುತ್ತದೆಯೇ?

ಪರ

ನೋಡಿ ಕಲಿತು ಕದ್ದರು ಎಂಬ ಆರೋಪ ಮೊದಲ ಪೆಟ್ಟಿಗೇ ಸಡಿಲವಾಗುತ್ತದೆ. ಪೊಲೀಸರು ಹೇಳಿದಂತೆಯೇ, ಮುಖ್ಯ ಆರೋಪಿ ಬೇಕರಿ ನಡೆಸುತ್ತಿದ್ದವನು. ಅದೇ ಬ್ಯಾಂಕಿನಲ್ಲಿ ಕೇಳಿದ್ದ ಸಾಲ ಸಿಗದೆ ಸಿಟ್ಟಾಗಿದ್ದವನು. ಕದಿಯುವ ಕಾರಣ ಹುಟ್ಟಿದ್ದು ಸಾಲದ ಅರ್ಜಿ ತಿರಸ್ಕೃತವಾದಾಗ, ಪರದೆಯ ಮುಂದೆ ಅಲ್ಲ. ಕಿಟಕಿಯ ಸರಳು ಕತ್ತರಿಸುವ ಉಪಕರಣ ಅಂಗಡಿಯಲ್ಲಿ ಸಿಗುತ್ತದೆ. ಪೊಲೀಸ್ ನಾಯಿಯ ಮೂಗು ಕೆಡಿಸಲು ಖಾರದ ಪುಡಿ ಎರಚುವ ಉಪಾಯಕ್ಕೆ ಸ್ಪೇನಿನ ಸರಣಿ ಬೇಕಿಲ್ಲ. ಮೇಲಾಗಿ ‘ಮನಿ ಹೈಸ್ಟ್’ನಲ್ಲಿ ನೋಡುಗನ ಮನಸ್ಸು ದರೋಡೆಕೋರರ ಕಡೆ ವಾಲುತ್ತದೆ. ಪೊಲೀಸ್ ಧಾರಾವಾಹಿಯ ನಡೆ ಇದಕ್ಕೆ ತದ್ವಿರುದ್ಧ: ಅಲ್ಲಿ ಎಷ್ಟು ಜಾಣನಾದರೂ ಅಪರಾಧಿ ಅಂಗಿಯ ಒಂದು ಗುಂಡಿಯಿಂದಲೋ ಒಂದು ಫೋನ್ ಕರೆಯಿಂದಲೋ ಸಿಕ್ಕಿಬೀಳುತ್ತಾನೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಇವುಗಳಿಂದ ಆಗುವ ಲಾಭವೂ ಕಡಿಮೆಯದಲ್ಲ. ಠಾಣೆಯ ಮೆಟ್ಟಿಲು ಹತ್ತಲು ಇಂದಿಗೂ ಅಳುಕುವ ಜನರಿಗೆ ಎಫ್‌ಐಆರ್, ಮಹಜರು, ಮರಣೋತ್ತರ ಪರೀಕ್ಷೆ, ಬೆರಳಚ್ಚು ಎಂಬ ಮಾತುಗಳು ಪರಿಚಯವಾದದ್ದು ಬಹುಮಟ್ಟಿಗೆ ಟಿವಿಯಿಂದಲೇ. ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆ ನಡೆಸಿಕೊಟ್ಟ ‘ಕ್ರೈಂ ಡೈರಿ’ಯಂಥ ಕಾರ್ಯಕ್ರಮಗಳು ಅಪರಾಧದ ಹಿಂದಿನ ಮನೆ, ಹಣ, ಸಂಬಂಧಗಳನ್ನು ಬಿಡಿಸಿ ತೋರಿಸಿದವು. ಕೃತ್ಯ ನಡೆದ ಜಾಗದಲ್ಲಿ ಏನನ್ನೂ ಮುಟ್ಟಬಾರದು ಎಂಬ ಅರಿವು ಒಬ್ಬ ನೋಡುಗನಲ್ಲಿ ಉಳಿದರೂ ಅದು ಗಳಿಕೆಯೇ. ಅತಿರೇಕವಿಲ್ಲವೇ ಎಂದರೆ, ಇದೆ. ಆದರೆ ನೋಡುಗ ದಡ್ಡನಲ್ಲ. ‘ಸಿಐಡಿ’ಯ ಇನ್ಸ್‌ಪೆಕ್ಟರ್ ದಯಾ ಬಾಗಿಲು ಒಡೆಯುವ ದೃಶ್ಯ ದೇಶಕ್ಕೆಲ್ಲ ನಗೆಚಾಟಿಕೆಯಾಗಿದೆ. ನಕ್ಕವನು ಅದನ್ನು ನಿಜವೆಂದು ನಂಬಿಲ್ಲ. ಇದೇ ತಂಡ 2004ರಲ್ಲಿ 111 ನಿಮಿಷದ ಕಂತೊಂದನ್ನು ಒಂದೇ ಶಾಟ್‌ನಲ್ಲಿ ಚಿತ್ರಿಸಿತ್ತು. ಅಂಥ ಕಸುಬುಗಾರಿಕೆಯನ್ನು ಕಲೆಯಾಗಿ ಸವಿಯುವ ಹಕ್ಕು ನೋಡುಗನಿಗಿದೆ.

ವಿರೋಧ

ಬಾಗಿಲು ಒಡೆದರೆ ನಗುತ್ತೇವೆ, ನಿಜ. ಆದರೆ ಕೊನೆಯಲ್ಲಿ ಆರೋಪಿಯ ಕೆನ್ನೆಗೆ ಏಟು ಬಿದ್ದು, ಅವನು ‘ಹೌದು, ನಾನೇ ಕೊಂದೆ’ ಎಂದಾಗ ಯಾರೂ ನಗುವುದಿಲ್ಲ. ಕಥೆ ಮುಗಿಯಿತೆಂದು ಸಮಾಧಾನ ಪಡುತ್ತೇವೆ. ಕೆಡುಕು ಇರುವುದು ಆ ಸಮಾಧಾನದಲ್ಲಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂಬುದು 1872ರ ಸಾಕ್ಷ್ಯ ಕಾಯ್ದೆಯಿಂದ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದವರೆಗೂ ಬದಲಾಗದೆ ಉಳಿದ ನಿಯಮ. ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಸಿಕ್ಕರೆ, ಅದಕ್ಕೆ ಸಂಬಂಧಿಸಿದ ಮಾತಿಗಷ್ಟೇ ಬೆಲೆ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ನಮ್ಮದೇ ರಾಜ್ಯ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ. ಧಾರಾವಾಹಿಯ ಕ್ಲೈಮ್ಯಾಕ್ಸ್ ನಿಂತಿರುವುದು ಕಾನೂನು ಬೇಡವೆಂದ ಬುನಾದಿಯ ಮೇಲೆಯೇ.

ಇದು ಕಾನೂನು ಪುಸ್ತಕದ ಸೂಕ್ಷ್ಮ, ಜನಸಾಮಾನ್ಯನಿಗೇಕೆ ಎನ್ನಬಹುದು. ಆದರೆ 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯದೇ ಆದ ಚನ್ನಗಿರಿಯಲ್ಲಿ, ಠಾಣೆಗೆ ಕರೆತಂದಿದ್ದ ವ್ಯಕ್ತಿಯೊಬ್ಬ ಮೃತಪಟ್ಟಾಗ ಜನ ಠಾಣೆಗೆ ನುಗ್ಗಿದರು, ಪೊಲೀಸರೂ ಗಾಯಗೊಂಡರು, ತನಿಖೆ ರಾಜ್ಯ ಪೊಲೀಸರ ಸಿಐಡಿಗೆ ಹೋಯಿತು. ಸಾವಿನ ಕಾರಣ ಏನೇ ಇರಲಿ, ಠಾಣೆಯೊಳಗೆ ಹೊಡೆತ ಬಿದ್ದಿರಬೇಕೆಂದು ಊರು ತಟ್ಟನೆ ನಂಬಿಬಿಡುತ್ತದೆ; ಅದೇ ಹೊಡೆತ ಪರದೆಯ ಮೇಲೆ ಬಿದ್ದರೆ ಶೌರ್ಯವೆನಿಸುತ್ತದೆ. ಠಾಣೆಯ ಗೋಡೆಯೊಳಗೆ ಕೂತವರು ನಮ್ಮವರಾದಾಗ ಬೇಕಾಗುವ ನಿಯಮವನ್ನು ಪರದೆಯ ಮುಂದೆ ಕೂತಾಗ ಅಡ್ಡಿಯೆಂದು ಕಾಣುವ ಈ ಎರಡು ನಾಲಿಗೆಯನ್ನು ಪೊಲೀಸ್ ಧಾರಾವಾಹಿ ದಿನವೂ ಸಾಕುತ್ತದೆ.

ಇನ್ನು ನಿಜವಾದ ತನಿಖೆ, ವಿಚಾರಣೆಗೆ ಹಿಡಿಯುವ ಕಾಲದ ಮಾತು. ಉದಾಹರಣೆಗೆ, ಇದೇ ಜಿಲ್ಲೆಯ ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಜಿಲ್ಲೆ ಹಾವೇರಿ, ಠಾಣೆ ಬೇರೆ. ನದಿಯಲ್ಲಿ ಶವ ತೇಲಿದರೆ ವ್ಯಾಪ್ತಿಯ ಪ್ರಶ್ನೆಯೇ ಮೊದಲು ಏಳುತ್ತದೆ. ಹರಿಹರದಲ್ಲಿ ಕೊಲೆಯ ದೋಷಾರೋಪ ಪಟ್ಟಿ ಸಲ್ಲಿಕೆಯಾದರೆ ಅಲ್ಲಿಂದ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಬೇಕು, ಸಾಕ್ಷಿಗಳು ತಿರುಗಿಬೀಳದೆ ಉಳಿಯಬೇಕು. ಧಾರಾವಾಹಿಯಲ್ಲಿ ಇದ್ಯಾವುದೂ ಇಲ್ಲ, ಬಂಧನವೇ ತೀರ್ಪು. ಮನರಂಜನೆಗೆ ಅಷ್ಟು ವ್ಯವಧಾನವಿಲ್ಲ ಎಂಬ ಸಮರ್ಥನೆ ಕನ್ನಡದ ಮಟ್ಟಿಗಂತೂ ನಿಲ್ಲದು. ಟಿ.ಎನ್. ಸೀತಾರಾಂ ‘ಮುಕ್ತ ಮುಕ್ತ’ದಂಥ ಧಾರಾವಾಹಿಗಳಲ್ಲಿ ಪಾಟೀಸವಾಲನ್ನೇ ಕಥೆಯ ಜೀವಾಳವಾಗಿಸಿದರು, ನೋಡುಗರು ಕೋರ್ಟಿನ ದೃಶ್ಯಕ್ಕಾಗಿಯೇ ಕಾದರು.

ತೂಗಿ ನೋಡಿದರೆ

ಪೊಲೀಸ್ ಧಾರಾವಾಹಿ ಕಳ್ಳರನ್ನು ತಯಾರಿಸುತ್ತದೆ ಎಂಬ ದೂರನ್ನು ಕೈಬಿಡಬಹುದು. ಅದು ಅವಸರದ ನ್ಯಾಯಾಧೀಶರನ್ನು ತಯಾರಿಸುತ್ತದೆ ಎಂಬ ದೂರು ಮಾತ್ರ ನಿಲ್ಲುತ್ತದೆ. ಅದಕ್ಕೆ ನ್ಯಾಮತಿಯ ತಲೆಬರಹವೇ ಸಾಕ್ಷಿ. ನ್ಯಾಯಾಲಯದಲ್ಲಿ ತೂಕವಿರುವುದು ಬಾವಿಯಿಂದ ಬಂದ ಚಿನ್ನಕ್ಕೆ. ‘ಮನಿ ಹೈಸ್ಟ್ ನೋಡಿ ಕಲಿತರು’ ಎಂಬುದು ತನಿಖೆಯ ಹಂತದಲ್ಲಿ ಠಾಣೆಯಿಂದ ಹೊರಬಂದ ಮಾತು. ಚಿನ್ನಕ್ಕಿಂತ ಆ ಮಾತೇ ನಮಗೆ ರುಚಿಸಿತು, ವಿಚಾರಣೆ ಶುರುವಾಗುವ ಮೊದಲೇ ಅದನ್ನು ಸತ್ಯವೆಂದು ಒಪ್ಪಿಕೊಂಡೆವು. ಹಾಗೆಂದು ಟಿವಿ ಆರಿಸಬೇಕಿಲ್ಲ, ನಿಷೇಧವಂತೂ ಬೇಡವೇ ಬೇಡ. ಕಂತು ಮುಗಿದಾಗ ಕೊಂದವರು ಯಾರು ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ: ತಪ್ಪೊಪ್ಪಿಗೆಯನ್ನು ಪಕ್ಕಕ್ಕಿಟ್ಟರೆ ಈ ಪ್ರಕರಣದಲ್ಲಿ ಉಳಿಯುವುದೇನು? ಉತ್ತರ ಸಿಗುವ ಕಂತು ಒಳ್ಳೆಯ ಕಂತು. ಉತ್ತರವಿಲ್ಲದ ಕಂತಿನಲ್ಲಿ ಸಿಕ್ಕಿಬಿದ್ದವನು ನಿರಪರಾಧಿಯೂ ಆಗಿರಬಹುದು.