ಹೊಸ್ತಿಲಲ್ಲಿ ನಿಂತ ಮನುಷ್ಯ

ವಿಶಾಲ್ ಭಾರದ್ವಾಜ್ ಅವರ ‘ಹೈದರ್’ ಚಿತ್ರದಲ್ಲಿ ಒಂದು ಪುಟ್ಟ ದೃಶ್ಯವಿದೆ. ಒಬ್ಬಾತ ತನ್ನದೇ ಮನೆಯ ಬಾಗಿಲಲ್ಲಿ ನಿಂತಿದ್ದಾನೆ. ಮನೆಯವರು ಕರೆದರೂ ಕದಲುವುದಿಲ್ಲ. ದಾರಿಹೋಕನೊಬ್ಬ ಗದರಿ, ಗುರುತಿನ ಚೀಟಿ ಕೇಳಿ, ಮೈ ತಡವಿ ತಪಾಸಣೆ ಮಾಡಿದ ಮೇಲಷ್ಟೇ ಒಳಗೆ ಕಾಲಿಡುತ್ತಾನೆ. ಕಾಶ್ಮೀರಿ ಕಥೆಗಾರ ಅಖ್ತರ್ ಮೊಹಿಯುದ್ದೀನ್ ಅವರ ಕಥೆಯಿಂದ ಬಂದ ಈ ದೃಶ್ಯದಲ್ಲಿ ಬಾಗಿಲ ಬಳಿಯ ವ್ಯಕ್ತಿಯಾಗಿ ನಟಿಸಿದವರು ಚಿತ್ರಕಥೆಯ ಸಹಲೇಖಕ ಬಶಾರತ್ ಪೀರ್. ಚಿತ್ರ ತೆರೆಕಂಡದ್ದು 2014ರ ಅಕ್ಟೋಬರ್ 2ರಂದು. ದಶಕ ಕಳೆದ ಮೇಲೂ ಆ ಮನುಷ್ಯ ಹೊಸ್ತಿಲಲ್ಲಿಯೇ ನಿಂತಿರುವಂತೆ ತೋರುತ್ತದೆ.

ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಕನ್ನಡಕ್ಕೆ ಹೊಸದಲ್ಲ. ಕುವೆಂಪು ‘ರಕ್ತಾಕ್ಷಿ’ಯಲ್ಲಿ ಅದನ್ನು ಬಿದನೂರಿನ ಅರಮನೆಗೆ ತಂದಿದ್ದರು. ಅಲ್ಲಿ ಇತಿಹಾಸದ ದೂರವೇ ಪ್ರೇಕ್ಷಕನಿಗೆ ಒಂದು ರಕ್ಷಣೆ. ‘ಹೈದರ್’ ಆ ರಕ್ಷಣೆಯನ್ನು ಕೊಡುವುದಿಲ್ಲ. ಅದರ ಕಾಲ 1995, ಅದರ ಡೆನ್ಮಾರ್ಕ್ ಕಾಶ್ಮೀರ. ಉಗ್ರನೊಬ್ಬನಿಗೆ ಚಿಕಿತ್ಸೆ ನೀಡಿದ ವೈದ್ಯನನ್ನು ಸೈನ್ಯ ಕರೆದೊಯ್ಯುತ್ತದೆ, ಮನೆಯನ್ನು ಸ್ಫೋಟಿಸುತ್ತದೆ. ಅಲೀಗಢದಲ್ಲಿ ಓದುತ್ತಿದ್ದ ಮಗ ಊರಿಗೆ ಮರಳಿ ತಂದೆಯನ್ನು ಹುಡುಕುತ್ತಾನೆ.

ಮೂಲ ನಾಟಕದಲ್ಲಿ ತಂದೆಯ ಸಾವು ಎಲ್ಲರಿಗೂ ತಿಳಿದದ್ದು. ಕೊಲೆ ಮಾತ್ರ ಗುಟ್ಟು. ಇಲ್ಲಿ ಸಾವೇ ಅನಿಶ್ಚಿತ. ಶವವಿಲ್ಲ, ದಾಖಲೆಯಿಲ್ಲ. ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದ ಹೆಂಗಸರನ್ನು ಕಾಶ್ಮೀರದಲ್ಲಿ ‘ಅರೆ ವಿಧವೆ’ಯರೆಂದು ಕರೆಯುತ್ತಾರೆ. ಟಬು ನಟಿಸಿದ ಗಜಾಲಾ ಅಂಥವಳು. ಹೀಗಾಗಿ ಹ್ಯಾಮ್ಲೆಟನ ಪ್ರಸಿದ್ಧ ಹಿಂಜರಿಕೆಗೆ ಇಲ್ಲಿ ರಾಜಕೀಯ ಕಾರಣವೊಂದು ಸೇರಿಕೊಳ್ಳುತ್ತದೆ: ಪ್ರಭುತ್ವ ಸತ್ಯವನ್ನು ಬಚ್ಚಿಟ್ಟಿರುವಾಗ ಯಾರ ಮಾತನ್ನು ನಂಬುವುದು? ಇರ್ಫಾನ್ ಖಾನ್ ಅವರ ರೂಹ್‌ದಾರ್ ಪ್ರೇತದ ಕೆಲಸವನ್ನು ಮಾಡುತ್ತಾನಾದರೂ ಅವನು ತಂದೆಯ ಜೊತೆ ಸೆರೆಯಲ್ಲಿದ್ದ ಜೀವಂತ ಮನುಷ್ಯ. ತಲೆ ಬೋಳಿಸಿಕೊಂಡ ಹೈದರ್ ನಡುಬೀದಿಯಲ್ಲಿ ನಿಂತು ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ಒಪ್ಪಿಸುವಾಗ, ಹುಚ್ಚು ಯಾವುದು, ಕಾನೂನು ಯಾವುದು ಎಂಬ ಗೆರೆಯೇ ಅಳಿಸಿಹೋಗುತ್ತದೆ.

ಚಿತ್ರದ ಮಿತಿಗಳನ್ನೂ ಹೇಳಬೇಕು. 1990ರ ಆಸುಪಾಸಿನಲ್ಲಿ ಕಣಿವೆ ತೊರೆದ ಪಂಡಿತರ ನೋವು ಇಲ್ಲಿ ಹಾದುಹೋಗುವ ಮಾತಷ್ಟೇ. ಮನೆ ಕಳೆದುಕೊಂಡವರೆಲ್ಲರ ಲೆಕ್ಕವನ್ನು ಒಂದೇ ಚಿತ್ರ ಇಡಲಾರದು, ನಿಜ. ಆದರೆ ಈ ಕೊರತೆಯನ್ನು ಎತ್ತಿ ತೋರಿಸುವ ಕೆಲಸವನ್ನು ಪ್ರಗತಿಪರರು ಬಲಪಂಥೀಯರಿಗೆ ಬಿಟ್ಟುಕೊಟ್ಟದ್ದು ತಪ್ಪು. ಒಂದು ಸಮುದಾಯದ ಸಂಕಟವನ್ನು ಒಪ್ಪಿಕೊಂಡರೆ ಇನ್ನೊಂದರದು ಕಡಿಮೆಯಾಗುವುದಿಲ್ಲ.

ಷೇಕ್ಸ್‌ಪಿಯರನಿಂದ ಚಿತ್ರ ದೊಡ್ಡದಾಗಿ ಬೇರ್ಪಡುವುದು ಕೊನೆಯಲ್ಲಿ. ಮಗನನ್ನು ಉಳಿಸಲು ತಾಯಿ ತನ್ನನ್ನೇ ಸ್ಫೋಟಿಸಿಕೊಳ್ಳುತ್ತಾಳೆ. ಹಿಮದ ಮೇಲೆ ಕಾಲು ಕಳೆದುಕೊಂಡು ಬಿದ್ದ ಚಿಕ್ಕಪ್ಪ ಕೊಂದುಬಿಡೆಂದು ಬೇಡುತ್ತಾನೆ. ಹೈದರ್ ಕೋವಿ ಎತ್ತಿದರೂ ಗುಂಡು ಹಾರಿಸದೆ ಹೊರಟುಹೋಗುತ್ತಾನೆ. ಅದನ್ನು ಕ್ಷಮೆ ಎನ್ನಲಾಗದು. ಸೇಡಿನ ಸರಪಳಿಯ ಒಂದು ಕೊಂಡಿಯಾಗಲು ಅವನು ಒಲ್ಲೆನೆಂದ, ಅಷ್ಟೇ.

2019ರ ಆಗಸ್ಟ್‌ನಲ್ಲಿ ವಿಶೇಷ ಸ್ಥಾನಮಾನ ರದ್ದಾಗಿ ದೂರವಾಣಿ, ಅಂತರ್ಜಾಲಗಳು ಸ್ತಬ್ಧಗೊಂಡಾಗ ಹೊರದೇಶಗಳಲ್ಲಿದ್ದ ಕಾಶ್ಮೀರಿಗಳಿಗೆ ಹೆತ್ತವರ ದನಿ ಕೇಳುವುದೂ ಕಷ್ಟವಾಯಿತು. ಅತಿವೇಗದ ಮೊಬೈಲ್ ಅಂತರ್ಜಾಲ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಅದೇ ನಗರಗಳಲ್ಲಿ ಬದುಕುವ ಕನ್ನಡಿಗರಲ್ಲಿ ಎಷ್ಟು ಮಂದಿ ಪಕ್ಕದ ಮನೆಯ ಕಾಶ್ಮೀರಿಯನ್ನು ಕ್ಷೇಮ ವಿಚಾರಿಸಿದರು?

ವಲಸಿಗನಿಗೆ ತಪಾಸಣೆಯ ಅವಮಾನ ಗೊತ್ತು. ಹೆಸರು, ಮೈಬಣ್ಣ, ವೀಸಾದ ಬಗೆಯನ್ನು ನೋಡಿ ತೂಗುವ ಕಣ್ಣುಗಳೂ ಗೊತ್ತು. ನೆಲೆಸಿದ ದೇಶದಲ್ಲಿ ಅದನ್ನು ವರ್ಣಭೇದವೆಂದು ಖಂಡಿಸಿ, ಬಿಟ್ಟುಬಂದ ದೇಶದಲ್ಲಿ ಅದನ್ನೇ ಭದ್ರತೆಯೆಂದು ಸಮರ್ಥಿಸುವುದು ಅನಿವಾಸಿ ಬದುಕಿನ ದೊಡ್ಡ ಆತ್ಮವಂಚನೆ. ‘ಹೈದರ್’ ಚಿತ್ರವನ್ನು ಮತ್ತೊಮ್ಮೆ ನೋಡಬೇಕಾದದ್ದು ಇದಕ್ಕಾಗಿ. ಹೊಸ್ತಿಲಲ್ಲಿ ನಿಂತವನು ಇನ್ನಾರದೋ ಅಪ್ಪಣೆಯಿಲ್ಲದೆ ತನ್ನ ಮನೆಯೊಳಗೆ ಹೋಗುವಂತಾಗಬೇಕು. ಹಾಗಾಗಬೇಕೆಂದು ಹೇಳುವುದಕ್ಕೆ ಕಾಶ್ಮೀರಿಯೇ ಆಗಿರಬೇಕಿಲ್ಲ.