ಕೈ ಜುಮ್ಮೆಂದರೆ ಕಡೆಗಣಿಸದಿರಿ

ಕಳೆದ ಮಳೆಗಾಲದಲ್ಲಿ ನಿಪ್ಪಾಣಿಯ ಖಾಲಾ ಮನೆಗೆ ಹೋಗಿದ್ದೆ. ತಂಬಾಕು, ಬೀಡಿಗೆ ಹೆಸರಾದ ಊರು ಅದು. ಖಾಲಾರ ಸೊಸೆ ಮಾತ್ರ ಹೊಲಿಗೆ ಹಿಡಿದಿದ್ದಾಳೆ. ಮನೆಯೊಳಗೆ ಜಾಗ ಸಾಲದೆ ಹಿತ್ತಿಲಲ್ಲಿ ತಗಡಿನ ಶೆಡ್ ಹಾಕಿಸಿ, ಮೋಟಾರಿನ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಅಡುಗೆಮನೆಯ ಬೋರ್ಡಿನಿಂದ ಎರಡೆಳೆಯ ವಯರ್ ಕಿಟಕಿ ದಾಟಿ, ಬಟ್ಟೆ ಒಣಗಿಸುವ ತಂತಿಯ ಪಕ್ಕದಲ್ಲೇ ಶೆಡ್ಡಿಗೆ ಹೋಗಿತ್ತು.

"ಬಾಜಿ, ಮಷಿನ್ ನಡುನಡುವ ನಿಂತುಬಿಡ್ತದ. ಆವಾಗ ಮುಟ್ಟಿದ್ರ ಕೈ ಜುಮ್ ಅಂತದ" ಎಂದಳು ಸೊಸೆ.

"ಮಳಿಗಾಲದಾಗ ಹಂಗ ಆಗ್ತದ ಬೇಟಿ, ಚಪ್ಪಲಿ ಹಾಕ್ಕೊಂಡು ಮುಟ್ಟು ಅಂತ ಹೇಳೀನಿ" ಎಂದು ಖಾಲಾ ನಕ್ಕರು.

ನನಗೆ ನಗು ಬರಲಿಲ್ಲ. ಮೂರು ವರ್ಷದ ಮೊಮ್ಮಗ ಅದೇ ಶೆಡ್ಡಿನಲ್ಲಿ ಬರಿಗಾಲಲ್ಲಿ ಆಡುತ್ತಿದ್ದ.

ಮರುದಿನ ಬಂದ ಅನುಭವಿ ಎಲೆಕ್ಟ್ರಿಷಿಯನ್ ಪ್ಲಗ್ ಬಿಚ್ಚಿ ತೋರಿಸಿದರು. ಅರ್ಥಿಂಗ್ ವಯರ್ ಇಲ್ಲದ್ದರಿಂದ ಹಿಂದೆ ಯಾರೋ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೇ ಜೋಡಿಸಿದ್ದರು. ಮನೆಯ ಕಡೆ ನ್ಯೂಟ್ರಲ್ ಸಡಿಲವಾದಾಗ ಯಂತ್ರ ನಿಲ್ಲುತ್ತಿತ್ತು; ಮೋಟಾರಿನ ಮೂಲಕ ಬಂದ ಕರೆಂಟ್ ಹಿಂದಿರುಗಲು ದಾರಿಯಿಲ್ಲದೆ ಯಂತ್ರದ ಮೈಗೇ ಬರುತ್ತಿತ್ತು. ಸೊಸೆಯನ್ನು ಉಳಿಸಿದ್ದು ರಬ್ಬರ್ ಚಪ್ಪಲಿ.

"ಹಾಗಾದರೆ ಶೆಡ್ಡಿನ ಬಳಿ ಒಂದು ಗುಂಡಿ ತೋಡಿ ಅರ್ಥಿಂಗ್ ಮಾಡಿದರೆ ಸಾಕಲ್ಲವೇ?" ಎಂದು ಕೇಳಿದೆ. ಅವರು ಲೆಕ್ಕ ಹೇಳಿದರು: ಗುಂಡಿಯ ತಡೆ 20 ಓಮ್ ಇದೆ ಎನ್ನಿ. 230 ವೋಲ್ಟ್ ಸೋರಿದರೂ ಅದರಲ್ಲಿ ಹರಿಯುವುದು ಸುಮಾರು 11 ಆಂಪಿಯರ್. 16 ಆಂಪಿಯರ್‌ನ ಎಂ.ಸಿ.ಬಿ. ಅದಕ್ಕೆ ಬೀಳುವುದೇ ಇಲ್ಲ! ಮನುಷ್ಯನ ಪ್ರಾಣಕ್ಕೆ ಆಂಪಿಯರ್‌ನ ಸಣ್ಣ ಅಂಶವೇ ಸಾಕು. ಆದ್ದರಿಂದ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್.ಸಿ.ಸಿ.ಬಿ. ಬೇಕು.

ಸಹೋದರಿಯರೇ, ಹಿತ್ತಿಲ ಶೆಡ್, ಗಾಡಿ ನಿಲ್ಲಿಸುವ ಕೋಣೆ, ಹಿಟ್ಟಿನ ಗಿರಣಿ, ಪಂಪಿನ ಮನೆ ಯಾವುದೇ ಇರಲಿ, ಎಲೆಕ್ಟ್ರಿಷಿಯನ್ ಬಂದಾಗ ಇವನ್ನು ಕೇಳಿ ಮಾಡಿಸಿಕೊಳ್ಳಿ.

ಮನೆಯಿಂದ ಹೋಗುವ ಕೇಬಲ್ ಮೂರೆಳೆಯದ್ದಾಗಿರಲಿ; ಹಸಿರು ಎಳೆ ಮನೆಯ ಅರ್ಥಿಂಗಿಗೆ ಸೇರಲಿ. ತಗಡಿನ ಗೋಡೆಯನ್ನೂ ಅದಕ್ಕೇ ಜೋಡಿಸಲಿ. ಶೆಡ್ಡಿನ ಬೋರ್ಡಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಎಂದೂ ಒಂದಾಗಬಾರದು. ಒಂದಾದರೆ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತದೆ. ಆಗ 'ಇದರ ಕಾಟವೇ ಬೇಡ' ಎಂದು ಅದನ್ನೇ ಕಿತ್ತುಹಾಕುವವರಿದ್ದಾರೆ; ನೀವು ಒಪ್ಪಬೇಡಿ.

ಆರ್.ಸಿ.ಸಿ.ಬಿ.ಯನ್ನು ಮನೆಯಲ್ಲಿ ಶೆಡ್ಡಿನ ಲೈನ್ ಹೊರಡುವ ಕಡೆಯೇ ಕೂರಿಸಲಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ.

ಕೊನೆಯದಾಗಿ, ಶೆಡ್ಡಿನ ಬಾಗಿಲ ಬಳಿಯೇ, ಕೈಗೆ ಸಿಗುವ ಎತ್ತರದಲ್ಲಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಸ್ವಿಚ್ ಇರಲಿ. ಯಾರಿಗಾದರೂ ಕರೆಂಟ್ ಹಿಡಿದರೆ ಅವರನ್ನು ಮುಟ್ಟದೆ ಮೊದಲು ಸ್ವಿಚ್ ಆರಿಸಬೇಕು. ಆ ಗಳಿಗೆಯಲ್ಲಿ ಅಡುಗೆಮನೆಗೆ ಓಡುವಷ್ಟು ಸಮಯ ಇರುವುದಿಲ್ಲ.

ಈಗ ಖಾಲಾ ಪ್ರತಿ ರಾತ್ರಿ ತಾವೇ ಹೋಗಿ ಆ ಸ್ವಿಚ್ ಆರಿಸಿ ಬರುತ್ತಾರೆ. ನಿಮ್ಮ ಹಿತ್ತಿಲಿಗೆ ಹೋದ ವಯರಿನಲ್ಲಿ ಎಷ್ಟು ಎಳೆಗಳಿವೆ ಎಂದು ಇಂದೇ ಮನೆಯವರನ್ನು ಕೇಳಿ ನೋಡಿ.